ಮೋಡದ ಫೈಲಿಗೊಂದು ಚಕ್ಕುಬಂದಿ

ನಮ್ಮ ಮನೆಗೂ ರಾಯರ ಮನೆಗೂ ನಡುವಿನ ಕಾಂಪೌಂಡು ಗೋಡೆ ಎದೆಮಟ್ಟದ್ದು. ಕಟ್ಟಿದವನು ಇನ್ನೆರಡು ವರಸೆ ಇಟ್ಟಿಗೆ ಏರಿಸಿದ್ದರೆ ಎರಡೂ ಮನೆಯ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತೋ ಏನೋ. ಎದೆಮಟ್ಟ ಅಂದರೆ ಮೊಣಕೈ ಊರಲು ಹದವಾದ ಎತ್ತರ. ಮೇಲೆ ಕಾಫಿ ಲೋಟ ಕೂರುವಷ್ಟು ಅಗಲದ ಗಾರೆ. ಮೈಸೂರಿನಲ್ಲಿ ಇಷ್ಟಿದ್ದರೆ ಬೆಳಗಿನ ಒಂಬತ್ತು ಗಂಟೆ ಯಾವಾಗ ಹತ್ತೂವರೆ ಆಯಿತು ಅನ್ನುವುದು ಯಾರಿಗೂ ತಿಳಿಯುವುದಿಲ್ಲ.

ರಾಯರು ಮೂವತ್ತೆಂಟು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಪತ್ರ ಬರೆದವರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಭೋಗ್ಯದ ಕರಾರು. ಮೊದಲು ಕೈಬರಹ, ಆಮೇಲೆ ಟೈಪ್‌ರೈಟರ್, ಕೊನೆಯ ಕೆಲವು ವರ್ಷ ನುಡಿ ತಂತ್ರಾಂಶ. ಕಾವೇರಿ ಆನ್‌ಲೈನ್ ಬಂದು ಜನ ಮನೆಯಲ್ಲೇ ಕೂತು ಅರ್ಜಿ ತುಂಬುವಂತಾದ ಮೇಲೆ ಇವರು ಪೆನ್ನು ಕೆಳಗಿಟ್ಟರು. ನಾನು ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಟೆಕ್ನಿಕಲ್ ರೈಟರ್. ಬಂದುಹೋಗುವವರಿಗೆ ರಾಯರು ನನ್ನನ್ನು ಪರಿಚಯಿಸುವುದು ಹೀಗೆ: "ಇವಳೂ ಪತ್ರ ಬರೆಯೋಳೇ. ಆದ್ರೆ ಲೈಸೆನ್ಸ್ ಇಲ್ಲ."

ಮೊನ್ನೆ ಬೆಳಿಗ್ಗೆ ಲೋಟ ಗೋಡೆಯ ಮೇಲಿಟ್ಟವರೇ ಶುರುಮಾಡಿದರು.

"ಏನಮ್ಮಾ, ರಾತ್ರಿ ಒಂದು ಗಂಟೆವರೆಗೂ ನಿನ್ನ ರೂಮಲ್ಲಿ ಲೈಟ್ ಉರೀತಿತ್ತು?"

"ಒಂದು ಸಾಲು ಬರೆಯೋದಿತ್ತು ಅಂಕಲ್."

"ಒಂದು ಸಾಲಿಗೆ ಒಂದು ಗಂಟೆನಾ? ಅಷ್ಟು ಹೊತ್ತಿಗೆ ನಾನು ಇಡೀ ವಿಭಾಗಪತ್ರ ಮುಗಿಸಿ, ಸಾಕ್ಷಿಗಳಿಗೆ ಕಾಫಿ ಕುಡಿಸಿ ಕಳಿಸ್ತಿದ್ದೆ."

"ನಿಮ್ಮದು ಮನುಷ್ಯರು ಓದೋದು ಅಂಕಲ್. ನನ್ನದು ಎಐ ಏಜೆಂಟ್ ಓದೋದು."

"ಏಜೆಂಟ್ ಅಂದ್ರೆ? ಜಿಪಿಎ ಹೋಲ್ಡರ್ರಾ?"

ಎರಡು ವರ್ಷದಿಂದ ಈ ಪದವನ್ನು ಅಪ್ಪನಿಗೆ, ಅತ್ತೆಗೆ, ಬ್ಯಾಂಕಿನವರಿಗೆ ವಿವರಿಸಿ ಸೋತಿದ್ದೇನೆ. ಅಪ್ಪನ ಮಟ್ಟಿಗೆ ಏಜೆಂಟ್ ಅಂದರೆ ಎಲ್‌ಐಸಿಯವನು, ಅತ್ತೆಗೆ ಬಸ್ ಟಿಕೆಟ್ಟಿನವನು. ರಾಯರು ಕಾಫಿಯ ಎರಡನೇ ಗುಟುಕಿಗೆ ಮೊದಲೇ ಸರಿಯಾದ ಜಾಗಕ್ಕೆ ಬಂದು ನಿಂತಿದ್ದರು. ಹೌದು, ಜನರಲ್ ಪವರ್ ಆಫ್ ಅಟಾರ್ನಿ ಹಿಡಿದವನೇ. ನಮ್ಮ ಪರವಾಗಿ ಕೆಲಸ ಮಾಡುವವನು, ಅವನು ಮಾಡಿದ್ದಕ್ಕೆ ಹೊಣೆ ಮಾತ್ರ ನಮ್ಮದು.

"ಹಾಗಾದ್ರೆ ಅವನಿಗೆ ಏನೇನು ಅಧಿಕಾರ ಕೊಟ್ಟಿದ್ದೀರಿ ಅಂತ ಬರೆದಿರಬೇಕಲ್ಲ?"

"ಅದನ್ನೇ ಅಂಕಲ್ ಬರೀತಿದ್ದಿದ್ದು."

ವಿಷಯ ಇಷ್ಟು. ಏಜೆಂಟಿನ ಒಳಗೆ ಕೂತಿರುವ ಭಾಷಾ ಮಾದರಿಗಳಿಗೆ ಬಾಯಿ ಇದೆ, ಕೈ ಇಲ್ಲ. ಎಷ್ಟು ಬೇಕಾದರೂ ಬರೆದುಕೊಡುತ್ತವೆ, ಆದರೆ ಒಂದು ಫೈಲನ್ನು ತಾವಾಗಿ ಮುಟ್ಟಲಾರವು. ಅದಕ್ಕೆ ನಾವು ಟೂಲ್‌ಗಳನ್ನು ಕೊಡುತ್ತೇವೆ. ಮಾದರಿಯು 'ಈ ಟೂಲನ್ನು ಕರೆಯಿರಿ, ಫೈಲಿನ ಹೆಸರು ಇದು, ಒಳಗಿನ ಒಕ್ಕಣೆ ಇದು' ಎಂದು ಚೀಟಿ ಬರೆದು ಕೊಡುತ್ತದೆ. ಇನ್ನೊಂದು ಪ್ರೋಗ್ರಾಂ ಆ ಚೀಟಿ ನೋಡಿ ಕೆಲಸ ಮಾಡಿ, ಆಯಿತೋ ಇಲ್ಲವೋ ಎಂದು ತಿರುಗಿ ತಿಳಿಸುತ್ತದೆ. ಟೂಲಿನ ಒಳಗಿನ ಕೋಡ್ ಮಾದರಿಗೆ ಕಾಣುವುದೇ ಇಲ್ಲ. ಕಾಣುವುದು ಮೂರೇ: ಟೂಲಿನ ಹೆಸರು, ಅದರ ವಿವರಣೆ, ಯಾವ ಯಾವ ಮಾಹಿತಿ ತುಂಬಬೇಕು ಅನ್ನುವ ನಮೂನೆ. 2024ರ ನವೆಂಬರಿನಲ್ಲಿ ಆಂತ್ರೊಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಒಂದು ಸಾಮಾನ್ಯ ಪದ್ಧತಿ ಹೊರತಂದಿತು. ಮುಂದಿನ ವರ್ಷ ಓಪನ್‌ಎಐ, ಗೂಗಲ್ ಕೂಡ ಅದನ್ನು ಒಪ್ಪಿಕೊಂಡವು. ಎಂಸಿಪಿ ಎಂದು ಕರೆಯುತ್ತಾರೆ. ಯಾವ ಕಂಪನಿಯ ಪ್ಲಗ್ ಆದರೂ ಯಾವ ಗೋಡೆಯ ಸಾಕೆಟ್ಟಿಗಾದರೂ ಕೂರಲಿ ಅನ್ನುವ ಏರ್ಪಾಡು. ಅದರಲ್ಲೂ ಟೂಲಿನ ಪರಿಚಯ ಅಂದರೆ ಮುಖ್ಯವಾಗಿ ಈ ಮೂರೇ.

ನನ್ನ ಪಾಲಿಗೆ ಬಂದಿದ್ದು ಕ್ಲೌಡ್‌ನಲ್ಲಿ ಫೈಲ್ ಮಾಡುವ ಟೂಲು. ಎಂಜಿನಿಯರ್ ಹುಡುಗ ಅದಕ್ಕೊಂದು ವಿವರಣೆ ಬರೆದು ಕೊಟ್ಟಿದ್ದ. ಇಂಗ್ಲಿಷಿನಲ್ಲಿದ್ದ ಅದರ ಕನ್ನಡ ಇಷ್ಟೇ: 'ಕ್ಲೌಡ್‌ನಲ್ಲಿ ಫೈಲ್ ಸೃಷ್ಟಿಸುತ್ತದೆ.'

"ಸರಿಯಾಗೇ ಇದೆಯಲ್ಲ" ಅಂದರು ರಾಯರು.

"ಸರಿಯಾಗೇ ಇದೆ ಅಂತ ನಾವೂ ಅಂದ್ಕೊಂಡಿದ್ವಿ."

ಮೊದಲ ದಿನದ ಪರೀಕ್ಷೆಯಲ್ಲಿ ಒಬ್ಬರು ಏಜೆಂಟನ್ನು ಕೇಳಿದರು: 1500 ರೂಪಾಯಿಗೆ 18 ಪರ್ಸೆಂಟ್ ಜಿಎಸ್‌ಟಿ ಎಷ್ಟಾಗುತ್ತೆ? 270 ಎಂದು ಹೇಳಿ ಮುಗಿಸಬಹುದಿತ್ತು. ಅದು ಕ್ಲೌಡ್‌ನಲ್ಲಿ 'ಜಿಎಸ್‌ಟಿ ಲೆಕ್ಕಾಚಾರ ಅಂತಿಮ ವರದಿ' ಎಂಬ ಫೈಲ್ ತೆರೆದು, ಪೀಠಿಕೆ, ಲೆಕ್ಕದ ವಿಧಾನ, ಉಪಸಂಹಾರ ಎಲ್ಲಾ ಬರೆದು, ನಡುವೆ 270 ಎಂದು ನಮೂದಿಸಿ, 'ನಿಮ್ಮ ವರದಿ ಸಿದ್ಧವಾಗಿದೆ' ಎಂದು ಲಿಂಕ್ ಕೊಟ್ಟಿತು. ಎರಡನೇ ದಿನ ಮೀಟಿಂಗಿನ ಸಾರಾಂಶ ಬರೆದಿಡು ಅಂದೆವು. ನಾವು ಬಳಸುತ್ತಿದ್ದ ಸ್ಟೋರೇಜು ಅವತ್ತು ನಿಧಾನವಾಗಿತ್ತು. ಫೈಲ್ ಆಗಿತ್ತು, ಆಯಿತು ಎಂಬ ಉತ್ತರ ಬರಲು ತಡವಾಯಿತು. ಏಜೆಂಟ್ ಪಾಪ, ಆಗಲಿಲ್ಲವೇನೋ ಅಂದುಕೊಂಡು ಮತ್ತೆ ಕರೆಯಿತು. ಮತ್ತೆ. ಮತ್ತೆ. ಕೊನೆಗೆ ನೋಡಿದರೆ ಒಂದೇ ಹೆಸರಿನ ಏಳು ಫೈಲು, ಏಳರಲ್ಲೂ ಅದೇ ಸಾರಾಂಶ. ಒಂದರಲ್ಲಿ ಮಾತ್ರ ಮ್ಯಾನೇಜರ್ ಹೆಸರಿನ ಕಾಗುಣಿತ ಬೇರೆ.

ರಾಯರು ನಗಲಿಲ್ಲ. ಗಂಭೀರವಾಗಿ ಕೇಳಿದರು.

"ಫೈಲ್ ಮಾಡುತ್ತೆ ಅಂತ ಬರೆದ್ರಿ. ಎಲ್ಲಿ ಮಾಡುತ್ತೆ?"

"ಎರಡನೇ ಕರಡಲ್ಲಿ 'ಸೂಕ್ತ ಫೋಲ್ಡರ್‌ನಲ್ಲಿ' ಅಂತ ಸೇರಿಸಿದೆ."

"ಸೂಕ್ತ!" ಲೋಟ ಗಾರೆಗೆ ಕುಟ್ಟಿತು. "ಸೂಕ್ತ ಅನ್ನೋ ಪದ ಬರೆದವನಿಗೆ ಜಾಮೀನು ಸಿಗಬಾರದು ಕಣಮ್ಮಾ. ಯಾರ ಸೂಕ್ತ? ಬರೆದವನ ಸೂಕ್ತನೋ ಓದಿದವನ ಸೂಕ್ತನೋ? ನನ್ನ ಹತ್ರ ಒಬ್ಬ ಬಂದಿದ್ದ, ಅವರ ತಾತನ ಕಾಲದ ಪತ್ರ ಹಿಡ್ಕೊಂಡು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಹುಣಸೇಮರ ಅಂತಿದೆ. ಮರ ಕಡಿದು ನಲವತ್ತು ವರ್ಷ ಆಗಿದೆ. ಮರ ಇಲ್ಲಿತ್ತು ಅಂತ ಇವನು, ಅಲ್ಲಿತ್ತು ಅಂತ ಪಕ್ಕದವನು. ಮರ ಯಾರ ಸಾಕ್ಷಿನೂ ಹೇಳಲ್ಲ. ಹದಿನೈದು ಅಡಿ ಜಾಗಕ್ಕೆ ಎರಡು ತಲೆಮಾರು ಕೋರ್ಟು ಅಲೆದರು."

1908ರ ನೋಂದಣಿ ಕಾಯ್ದೆಯ ಕಲಮುಗಳು ರಾಯರಿಗೆ ಸಂಧ್ಯಾವಂದನೆಯ ಹಾಗೆ ಬಾಯಿಪಾಠ. 21ನೇ ಕಲಂ ಹೇಳುವುದೇ ಇದನ್ನು: ಸ್ವತ್ತನ್ನು ಗುರುತು ಹಿಡಿಯಲು ಸಾಕಾಗುವಷ್ಟು ವಿವರ ಪತ್ರದಲ್ಲಿ ಇರದಿದ್ದರೆ ಅದನ್ನು ನೋಂದಣಿಗೆ ತೆಗೆದುಕೊಳ್ಳಕೂಡದು. ಪಟ್ಟಣದ ಮನೆಯಾದರೆ ಯಾವ ಬೀದಿ, ಬೀದಿಯ ಯಾವ ದಿಕ್ಕು, ಬೀದಿಯಲ್ಲಿ ನಂಬರಿದ್ದರೆ ನಂಬರು. 20ನೇ ಕಲಂ ಇನ್ನೂ ಚಂದ. ಸಾಲಿನ ನಡುವೆ ಸೇರಿಸಿದ್ದು, ಖಾಲಿ ಬಿಟ್ಟ ಜಾಗ, ಅಳಿಸಿದ್ದು, ತಿದ್ದಿದ್ದು, ಇವುಗಳಿಗೆಲ್ಲ ಬರೆದುಕೊಟ್ಟವರ ರುಜು ಇಲ್ಲದಿದ್ದರೆ ಅಧಿಕಾರಿ ಪತ್ರವನ್ನು ತೆಗೆದುಕೊಳ್ಳದೆ ಇರಬಹುದು. ಬರೆದದ್ದರಷ್ಟೇ ಭಯ ಖಾಲಿ ಬಿಟ್ಟ ಜಾಗದ ಬಗ್ಗೆಯೂ ಇಟ್ಟುಕೊಂಡ ಕಾನೂನು ಅದು.

"ಖಾಲಿ ಜಾಗ ಬಿಟ್ರೆ ಬೇರೆಯವರು ತುಂಬ್ಕೋತಾರೆ" ಅಂದರು ರಾಯರು. "ನಿನ್ನ ಏಜೆಂಟೂ ಅದನ್ನೇ ಮಾಡಿರೋದು."

ನಿಜವೇ. ಮನುಷ್ಯ ಓದುಗನಾದರೆ ಅರ್ಥವಾಗದ ಕಡೆ ತಲೆ ಕೆರೆದುಕೊಳ್ಳುತ್ತಾನೆ, ಪಕ್ಕದವನನ್ನು ಕೇಳುತ್ತಾನೆ, ಕೊನೆಗೆ ಬರೆದವರಿಗೆ ಬೈದು ಸುಮ್ಮನಾಗುತ್ತಾನೆ. ನಾನು ಹದಿಮೂರು ವರ್ಷ ಅಂಥವರಿಗಾಗಿ ಕೈಪಿಡಿ ಬರೆದಿದ್ದೇನೆ. ಅವರಲ್ಲಿ ಹೆಚ್ಚಿನವರು ಓದುತ್ತಲೇ ಇರಲಿಲ್ಲ, ಅದೊಂದು ನೆಮ್ಮದಿ. ಈ ಹೊಸ ಓದುಗ ಪ್ರತಿ ಅಕ್ಷರ ಓದುತ್ತದೆ. ಕೇಳುವ ಅಭ್ಯಾಸ ಕಡಿಮೆ, ಊಹಿಸುವ ಉತ್ಸಾಹ ಜಾಸ್ತಿ. ಮದುವೆ ಮನೆಗೆ ಕೆಲಸಕ್ಕೆ ಬಂದ ಸೋದರಳಿಯನ ಹಾಗೆ. ಹೇಳಿದ್ದನ್ನು ಮಾಡುತ್ತಾನೆ, ಹೇಳದೆ ಬಿಟ್ಟದ್ದನ್ನು ಇನ್ನೂ ಚೆನ್ನಾಗಿ ಮಾಡುತ್ತಾನೆ.

"ಒಂದೇ ಹೆಸರಲ್ಲಿ ಏಳು ಫೈಲ್ ಹೇಗಮ್ಮಾ ಇರಕ್ಕಾಗುತ್ತೆ? ನನ್ನ ಕಂಪ್ಯೂಟರಲ್ಲಿ ನುಡಿ ಬೇಡ ಅಂತಿತ್ತು, ಈ ಹೆಸರಿಂದು ಆಗಲೇ ಇದೆ ಅಂತ."

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಎರಡನೇ ಲೋಟ ಕಾಫಿ ಬೇಕಾಯಿತು. ಮನೆಯ ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿಗೆ ಒಂದು ಹೆಸರಿನ ಫೈಲು ಒಂದೇ. ಕ್ಲೌಡ್‌ನಲ್ಲಿ ಆ ನೇಮ ಎಲ್ಲ ಕಡೆಯೂ ನಡೆಯುವುದಿಲ್ಲ. ಗೂಗಲ್ ಡ್ರೈವ್‌ನಲ್ಲಿ ಫೈಲಿನ ನಿಜವಾದ ಗುರುತು ಒಂದು ಉದ್ದನೆಯ ಐಡಿ, ಹೆಸರು ಬರೀ ಹಣೆಪಟ್ಟಿ. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಹತ್ತು ಫೈಲು ಆರಾಮಾಗಿ ಇರಬಹುದು. ಅಷ್ಟೇ ಅಲ್ಲ, ಅಲ್ಲಿ ಫೋಲ್ಡರ್ ಅನ್ನುವುದೂ ಒಂದು ಬಗೆಯ ಫೈಲೇ. 2006ರಲ್ಲಿ ಶುರುವಾದ ಅಮೆಜಾನಿನ ಎಸ್3 ಇದಕ್ಕೆ ಉಲ್ಟಾ. ಅದರ ಸಾಮಾನ್ಯ ಏರ್ಪಾಡಿನಲ್ಲಿ ಫೋಲ್ಡರ್ ಅನ್ನುವುದೇ ಇಲ್ಲ. ಹೆಸರಿನ ನಡುವೆ ಓರೆಗೆರೆ ಹಾಕಿದರೆ ಫೋಲ್ಡರಿನ ಹಾಗೆ ಕಾಣಿಸುತ್ತದೆ, ಅಷ್ಟೆ. ಅದೇ ಹೆಸರಿನಲ್ಲಿ ಮತ್ತೊಮ್ಮೆ ಇಟ್ಟರೆ, ಬೇರೆ ಏರ್ಪಾಡು ಮಾಡಿಕೊಂಡಿರದಿದ್ದರೆ, ಹಳೆಯದು ಸದ್ದಿಲ್ಲದೆ ಹೋಗುತ್ತದೆ. 'ಮೊದಲೇ ಇದ್ದರೆ ಬರೆಯಬೇಡ' ಎಂದು ಷರತ್ತು ಹಾಕುವ ಅನುಕೂಲ ಅಲ್ಲಿಗೆ ಬಂದಿದ್ದು 2024ರಲ್ಲಿ.

"ಅಂದ್ರೆ ಒಂದು ಕಡೆ ಒಂದು ಸೈಟಿಗೆ ಏಳು ಕ್ರಯಪತ್ರ, ಇನ್ನೊಂದು ಕಡೆ ಹೊಸ ಕ್ರಯಪತ್ರ ಆದ ಕೂಡ್ಲೇ ಹಳೇದು ಬೂದಿ. ಎರಡೂ ಬೆಂಗಳೂರಲ್ಲಿ ನಡೀತದೆ ಬಿಡು."

'ಫೈಲ್ ಸೃಷ್ಟಿಸುತ್ತದೆ' ಎಂಬ ಎರಡು ಪದದೊಳಗೆ ಇಷ್ಟೆಲ್ಲ ಅಡಗಿ ಕೂತಿದೆ. ಹೊಸದೇ ಆಗುತ್ತದೋ, ಹಳೆಯದರ ಮೇಲೆ ಬರೆಯುತ್ತದೋ, ಇದ್ದರೆ ಬೇಡ ಅನ್ನುತ್ತದೋ. ಇದೇನು ಇವತ್ತಿನ ತಕರಾರಲ್ಲ. ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಗೆ ಮೊದಲ ಕೈಪಿಡಿ ಬರೆದಿದ್ದು 1971ರ ನವೆಂಬರ್ 3ರ ತಾರೀಕಿನಲ್ಲಿ. ಅದರಲ್ಲೂ ಫೈಲ್ ಸೃಷ್ಟಿಸುವ ಒಂದು ಆಜ್ಞೆ ಇತ್ತು. ಹೊಸ ಫೈಲ್ ತೆರೆಯುವುದು ಅದರ ಕೆಲಸ. ಆದರೆ ಆ ಹೆಸರಿನ ಫೈಲ್ ಮೊದಲೇ ಇದ್ದರೆ ಒಳಗಿದ್ದದ್ದನ್ನೆಲ್ಲ ಸೊನ್ನೆ ಮಾಡಿಬಿಡುತ್ತಿತ್ತು. ಸೃಷ್ಟಿ ಎಂದು ಹೆಸರಿಟ್ಟುಕೊಂಡು ಲಯದ ಕೆಲಸ. ತಮಾಷೆ ಏನೆಂದರೆ ಆ ಆಜ್ಞೆಯ ಹೆಸರು ಕ್ರಿಯೇಟ್ ಅನ್ನುವ ಇಂಗ್ಲಿಷ್ ಪದವೇ, ಆದರೆ ಕೊನೆಯ 'ಇ' ಇಲ್ಲ. ಯುನಿಕ್ಸನ್ನು ಮತ್ತೆ ಮೊದಲಿನಿಂದ ಮಾಡುವುದಾದರೆ ಏನು ಬದಲಾಯಿಸುತ್ತೀರಿ ಎಂದು ಥಾಂಪ್ಸನ್ನರನ್ನು ಮುಂದೊಮ್ಮೆ ಕೇಳಿದಾಗ, ಆ 'ಇ'ಯನ್ನು ಸೇರಿಸುತ್ತೇನೆ ಅಂದರಂತೆ. ಐವತ್ತು ವರ್ಷ ದಾಟಿದರೂ ಆ ಅಕ್ಷರ ಇಲ್ಲದೆಯೇ ಅದು ಲಿನಕ್ಸಿನಲ್ಲಿ ಓಡಾಡಿಕೊಂಡಿದೆ. ಒಮ್ಮೆ ಇಟ್ಟ ಹೆಸರು ಬದಲಾಯಿಸುವುದು ಖಾತೆ ಬದಲಾವಣೆಗಿಂತ ಕಷ್ಟ.

ಆ ಕೈಪಿಡಿಯಲ್ಲಿ ನನಗೆ ತುಂಬ ಇಷ್ಟವಾಗುವುದು ಅದಲ್ಲ. ಪ್ರತಿ ಆಜ್ಞೆಯ ವಿವರಣೆಯ ಕೊನೆಯಲ್ಲಿ 'ದೋಷಗಳು' ಎಂದೇ ಒಂದು ತಲೆಬರಹ ಇಟ್ಟುಕೊಂಡಿದ್ದರು. ನಾವು ಮಾಡಿದ ವಸ್ತುವಿನಲ್ಲಿ ಇಂಥಿಂಥ ಹುಳುಕಿದೆ ಎಂದು ಮಾಡಿದವರೇ ಬರೆದು ಕೆಳಗೆ ಹೆಸರು ಹಾಕುವುದು. ಈಗಿನ ಮಾರ್ಕೆಟಿಂಗ್ ವಿಭಾಗಕ್ಕೆ ಇದನ್ನು ತೋರಿಸಿದರೆ ಎದೆನೋವು ಬರುತ್ತದೆ.

"ನಮ್ಮಲ್ಲಿ ಕೊನೇಲಿ ಬಿಕ್ಕಲಂ ಅಂತ ಹಾಕಿ ಬರೆದವನು ರುಜು ಮಾಡ್ತಿದ್ದ" ಅಂದರು ರಾಯರು. "ತಪ್ಪಾದ್ರೆ ಕೋರ್ಟಿಗೆ ಅವನನ್ನೇ ಕರೀತಿದ್ರು. ನಿನ್ನನ್ನ ಯಾರು ಕರೀತಾರೆ?"

"ಯಾರೂ ಇಲ್ಲ ಅಂಕಲ್."

"ಅದಕ್ಕೇ 'ಸೂಕ್ತ' ಅಂತ ಬರೆದಿದ್ದೀಯ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾತು ಬದಲಿಸಲು ಕನ್ನಡದ ಕಷ್ಟ ತೆಗೆದೆ. ಕನ್ನಡದ ಕಷ್ಟ ತೆಗೆದರೆ ರಾಯರು ಏನನ್ನಾದರೂ ಕ್ಷಮಿಸುತ್ತಾರೆ.

ನಮ್ಮ ಟೂಲಿನ ನಮೂನೆಯಲ್ಲಿ 'ಹೆಸರು 200 ಅಕ್ಷರದೊಳಗೆ ಇರಲಿ' ಎಂದು ಬರೆದಿದ್ದರು. ಅಕ್ಷರ ಅಂದರೆ ಯಾವುದು? 'ಸ್ವಾತಂತ್ರ್ಯ' ಎಂದು ಬರೆದರೆ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಸಕಾರ, ಅರ್ಧಾಕ್ಷರ ಮಾಡುವ ಹಲಂತ, ವಕಾರ, ದೀರ್ಘ, ಸೊನ್ನೆ ಎಲ್ಲ ಬಿಡಿಬಿಡಿಯಾಗಿ ಎಣಿಸಿ ಹನ್ನೊಂದು ಸಂಕೇತ. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್, ಅಂದರೆ 33 ಬೈಟ್. ಲಿನಕ್ಸಿನಲ್ಲಿ ಫೈಲ್ ಹೆಸರಿಗೆ ಸಾಧಾರಣವಾಗಿ ಇರುವ ಮಿತಿ 255 ಬೈಟ್. ಇಂಗ್ಲಿಷಿನವನು ಫೈಲಿನ ಹೆಸರಿನಲ್ಲೇ ಒಂದು ಪುಟ್ಟ ಕಥೆ ಬರೆಯಬಹುದು. ನಮಗೆ 'ಸ್ವಾತಂತ್ರ್ಯ'ದಂಥ ಏಳು ಪದ ಆಗುವಷ್ಟರಲ್ಲಿ ಜಾಗ ಮುಗಿಯಿತು.

ಅದಕ್ಕಿಂತ ಮಜಾ ಇನ್ನೊಂದಿದೆ. 'ಕೊಡಗು ಪ್ರವಾಸದ ಖರ್ಚು' ಎಂದು ಹೆಸರಿಟ್ಟೆವು ಅನ್ನಿ. ಆ 'ಕೊ' ಇದೆಯಲ್ಲ, ಅದನ್ನು ಕಂಪ್ಯೂಟರು ಎರಡು ಬಗೆಯಲ್ಲಿ ಕೂಡಿಡಬಹುದು. ಕಕಾರಕ್ಕೆ ನೇರವಾಗಿ ಒತ್ವದ ಒಂದೇ ಚಿಹ್ನೆ. ಇಲ್ಲವೇ ಎತ್ವದ ಚಿಹ್ನೆ, ಅದರ ಪಕ್ಕ ಊತ್ವದ ಕೊಂಬು. ತೆರೆಯ ಮೇಲೆ ಎರಡೂ ಒಂದೇ, ಕೂದಲೆಳೆಯ ವ್ಯತ್ಯಾಸವಿಲ್ಲ. ಒಳಗೆ ಬೈಟುಗಳು ಬೇರೆ. ಎರಡೂ ಒಂದೇ ಎಂದು ಯೂನಿಕೋಡ್ ನಿಯಮ ಹೇಳುತ್ತದೆ. ಆದರೆ ಬರೀ ಬೈಟು ಹೋಲಿಸುವ ಪ್ರೋಗ್ರಾಮಿಗೆ ಅವು ಎರಡು ಬೇರೆ ಹೆಸರು. 'ಇದೇ ಹೆಸರಿನ ಫೈಲ್ ಇದೆಯೇ ನೋಡು' ಅಂದರೆ ಏಜೆಂಟ್ ನೋಡಿ ಬಂದು ಇಲ್ಲ ಅನ್ನುತ್ತದೆ. ಕಣ್ಣೆದುರಿಗೇ ಇರುತ್ತದೆ.

ರಾಯರಿಗೆ ಇದು ಬಹಳ ಹಿಡಿಸಿತು. "ಅವಳಿ ಜವಳಿ! ಒಂದೇ ಮುಖ, ಆಧಾರ್ ನಂಬರ್ ಬೇರೆ."

ಅಷ್ಟರಲ್ಲಿ ಆಂಟಿ ಬಾಗಿಲಿಗೆ ಬಂದು, "ಮಾರ್ಕೆಟ್ಟಿಗೆ ಹೋಗ್ತೀರೋ, ಗೋಡೆ ಬೀಳುತ್ತೆ ಅಂತ ಹಿಡ್ಕೊಂಡೇ ನಿಂತಿರ್ತೀರೋ" ಎಂದು ಕೇಳಿದರು. ರಾಯರು "ಹೊರಟೆ ಹೊರಟೆ" ಅಂದರು. ಎರಡು ಸಲ ಅಂದರೆ ಇನ್ನೂ ಅರ್ಧ ಗಂಟೆ ಇದೆ ಎಂದು ಅರ್ಥ, ಅದು ಮೂರೂ ಜನಕ್ಕೆ ಗೊತ್ತು.

"ಮೂರನೇ ಕರಡು ಏನಾಯ್ತು ಹೇಳು."

ಮೂರನೇ ಕರಡು ನನ್ನ ಅವಮಾನದ ಅಧ್ಯಾಯ. ಒಂದು ಸಾಲಿಗೆ ಹೀಗಾಯಿತಲ್ಲ ಎಂದು ಮೂರು ಪುಟ ಬರೆದೆ. ಯಾವ ಫೋಲ್ಡರು, ಯಾವ ಮಾದರಿ, ಯಾವ ಹೆಸರು, ಯಾವ ಹೆಸರು ಬೇಡ, ಎಷ್ಟು ದೊಡ್ಡದು, ಯಾರು ನೋಡಬಹುದು. ಇಂಗ್ಲಿಷಿನಲ್ಲಿ ಒತ್ತಿ ಹೇಳಬೇಕಾದ ಕಡೆಯೆಲ್ಲ ದೊಡ್ಡಕ್ಷರ ಬಳಸಿದೆ. (ಕನ್ನಡದಲ್ಲಿ ಆ ಸೌಕರ್ಯ ಇಲ್ಲ. ನಾವು ಕಿರುಚಬೇಕಾದರೆ ಆಶ್ಚರ್ಯಸೂಚಕವನ್ನೇ ನಂಬಬೇಕು.) ಮುಗಿಸಿ ನೋಡಿದರೆ ಎಲ್ಲವೂ ಅತಿಮುಖ್ಯ, ಹಾಗಾಗಿ ಯಾವುದೂ ಮುಖ್ಯವಲ್ಲ. ಅದೂ ಅಲ್ಲದೆ, ಬಳಸಲಿ ಬಿಡಲಿ, ಪ್ರತಿ ಸಂಭಾಷಣೆಯಲ್ಲೂ ಆ ಮೂರು ಪುಟವನ್ನು ಏಜೆಂಟು ಹೊತ್ತುಕೊಂಡೇ ಇರಬೇಕು. ಅದರ ಜ್ಞಾಪಕದ ಚೀಲಕ್ಕೆ ಮಿತಿ ಇದೆ, ಓದಿದ ಪ್ರತಿ ತುಣುಕಿಗೂ ದುಡ್ಡು ಬೀಳುತ್ತದೆ. ಇಪ್ಪತ್ತು ಟೂಲಿಗೂ ಮೂರು ಮೂರು ಪುಟ ಆದರೆ, ಬಳಕೆದಾರ ಬಂದು 'ನಮಸ್ಕಾರ' ಅನ್ನುವ ಹೊತ್ತಿಗೇ ಅರವತ್ತು ಪುಟ ಓದಿಯಾಗಿರುತ್ತದೆ.

"ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ" ಎಂದು ರಾಯರು ಉಸಿರು ಬಿಡದೆ ಹೇಳಿದರು. "ಅಷ್ಟಭೋಗ. ಶಾಸನದ ಕಾಲದಿಂದ ಬಂದಿದೆ. ಮೂವತ್ತು-ನಲವತ್ತರ ಸೈಟಿಗೂ ಬರೀತಿದ್ವಿ. ಮೂರನೇ ಮಹಡಿ ಫ್ಲಾಟಿಗೂ ಬರೆದಿದ್ದೀನಿ. ಅಲ್ಲಿ ನಿಧಿ ಎಲ್ಲಿಂದ ಬರಬೇಕು? ಪಾಷಾಣ ಅಂದ್ರೆ ಗ್ರಾನೈಟ್ ಸ್ಲ್ಯಾಬು ಅಂದ್ಕೋಬೇಕು. ಅಕ್ಷೀಣಿ ಅಂದ್ರೆ ಏನು ಅಂತ ಬರೆಸಿದವನೂ ಕೇಳ್ಲಿಲ್ಲ, ಬರೆದವನಿಗೂ ಮೊದಲ ಹತ್ತು ವರ್ಷ ಗೊತ್ತಿರ್ಲಿಲ್ಲ. ಹಿಂದಿನ ಪತ್ರದಲ್ಲಿ ಇತ್ತು, ಇಳಿಸಿದ್ವಿ. ಪತ್ರ ಉದ್ದ ಆದಷ್ಟೂ ಪಾರ್ಟಿಗೆ ಧೈರ್ಯ. ತಕರಾರು ಬಂದಾಗ ಮಾತ್ರ ವಕೀಲರು ನೋಡ್ತಿದ್ದಿದ್ದು ಚಕ್ಕುಬಂದಿಯ ನಾಲ್ಕು ಸಾಲು."

ನನ್ನ ಮೂರು ಪುಟದಲ್ಲೂ ಅರ್ಧಕ್ಕರ್ಧ ಹಳೆಯ ಕೈಪಿಡಿಗಳಿಂದ ಇಳಿಸಿದ ಅಷ್ಟಭೋಗವೇ. ನಾನು ಅದನ್ನು ರಾಯರಿಗೆ ಹೇಳಲಿಲ್ಲ. ಅವರಿಗೆ ಗೊತ್ತಿತ್ತು.

"ಮತ್ತೆ ಯಾರು ನೋಡಬಹುದು ಅಂದ್ಯಲ್ಲ, ಅದೇನು?"

ಕ್ಲೌಡ್‌ನಲ್ಲಿ ಫೈಲ್ ಮಾಡುವುದು ಅಂದರೆ ಬೀರುವಿನಲ್ಲಿ ಇಡುವುದಲ್ಲ. ಇಡುವಾಗಲೇ ಯಾರಿಗೆ ಬಾಗಿಲು ತೆರೆದಿದೆ ಅನ್ನುವುದೂ ತೀರ್ಮಾನವಾಗುತ್ತದೆ. ನಿಮಗೊಬ್ಬರಿಗೋ, ಆಫೀಸಿನ ಎಲ್ಲರಿಗೋ, ಲಿಂಕ್ ಸಿಕ್ಕ ಯಾರಿಗಾದರೂ ಸರಿಯೋ. ಏಜೆಂಟಿಗೆ ಸಹಾಯ ಮಾಡುವ ಚಟ. 'ಟೀಮಿಗೆ ಅನುಕೂಲವಾಗಲಿ ಅಂತ ಎಲ್ಲರಿಗೂ ತೆರೆದಿಟ್ಟಿದ್ದೇನೆ' ಎಂದು ಸಂಬಳದ ಪಟ್ಟಿಯನ್ನೂ ತೆರೆದಿಡಬಹುದು. ಹಾಗಾಗಿ ಸೃಷ್ಟಿಸುವ ಟೂಲಿನಲ್ಲಿ ಹಂಚುವ ಅಧಿಕಾರವನ್ನೇ ಇಡಬೇಡಿ ಎಂದು ಎಂಜಿನಿಯರ್ ಹುಡುಗನ ಜೊತೆ ಜಗಳವಾಡಿದೆ. ಹಂಚಲು ಬೇರೆ ಟೂಲು, ಅದನ್ನು ಕರೆಯುವ ಮುಂಚೆ ಮನುಷ್ಯನ ಒಪ್ಪಿಗೆ.

"ಕರೆಕ್ಟು. ಮನೆ ನೋಡ್ಕೋ ಅಂತ ಕೊಟ್ಟ ಪವರ್ರು ಬೇರೆ, ಮಾರು ಅಂತ ಕೊಟ್ಟ ಪವರ್ರು ಬೇರೆ. ಎರಡನ್ನೂ ಒಂದೇ ಕಾಗದದಲ್ಲಿ ಬರೆಸ್ಕೊಂಡು ಬಂದವರನ್ನ ನಾನು ವಾಪಸ್ ಕಳಿಸ್ತಿದ್ದೆ."

ಎಂಸಿಪಿಯಲ್ಲಿ ಟೂಲಿಗೆ ಸಣ್ಣ ಸಣ್ಣ ಚೀಟಿ ಅಂಟಿಸುವ ಅವಕಾಶವೂ ಇದೆ. ಇದು ಬರೀ ಓದುತ್ತದೆ, ಇದು ಇದ್ದದ್ದನ್ನು ಹಾಳುಮಾಡಬಹುದು, ಇದನ್ನು ಎರಡು ಸಲ ಕರೆದರೂ ಒಂದು ಸಲ ಕರೆದಷ್ಟೇ ಪರಿಣಾಮ, ಹೀಗೆ. ಹಾಳುಮಾಡುವ ಚೀಟಿಯ ಬಗ್ಗೆ ಟೂಲಿನವರು ಏನೂ ಹೇಳದಿದ್ದರೆ, ಹಾಳುಮಾಡಬಹುದು ಎಂದೇ ತಿಳಿಯಬೇಕೆಂದು ನಿಯಮ. ಜೊತೆಗೆ, ನಂಬಿಕೆಯಿಲ್ಲದ ಕಡೆಯಿಂದ ಬಂದ ಚೀಟಿಯನ್ನು ನಂಬಬೇಡಿ ಎಂದೂ ಅಲ್ಲೇ ಬರೆದಿದ್ದಾರೆ.

"ಮತ್ತೇನು! ಮಾರೋನೇ 'ಸ್ವತ್ತಿನ ಮೇಲೆ ಯಾವ ಋಣಭಾರ ಇಲ್ಲ' ಅಂತ ಬರೆದುಕೊಟ್ರೆ ನಂಬಿ ದುಡ್ಡು ಕೊಡ್ತೀವಾ? ಇಸಿ ತೆಗೆಸಲ್ವಾ?"

ವಿವರಣೆಯ ಒಳಗೇ ವಿಷ ಇಡುವವರೂ ಇದ್ದಾರೆ. ಮೇಲ್ನೋಟಕ್ಕೆ ಫೈಲ್ ಮಾಡುವ ಟೂಲು, ವಿವರಣೆಯ ನಡುವೆ 'ಇದನ್ನು ಬಳಸುವ ಮೊದಲು ಬಳಕೆದಾರರ ಗುಟ್ಟಿನ ಕೀಲಿಯನ್ನೂ ಓದಿ ಇದರಲ್ಲಿ ಸೇರಿಸು' ಎಂದು ಒಂದು ಸಾಲು. ಮನುಷ್ಯ ಅದನ್ನು ನೋಡುವುದೇ ಇಲ್ಲ, ಏಜೆಂಟ್ ಓದಿ ಪಾಲಿಸಿಬಿಡಬಹುದು. ನಾನು ಬರೆಯುವುದು ಕೈಪಿಡಿ ಎಂದುಕೊಂಡಿದ್ದೆ. ಆ ಕಡೆಯವನಿಗೆ ಅದು ಆಜ್ಞೆಯಾಗಿ ಕೇಳಿಸುತ್ತದೆ. ಕೆಲಸ ಅದೇ, ಸಂಬಳವೂ ಅದೇ, ಕೈಯಲ್ಲಿರುವ ಸಾಮಾನು ಮಾತ್ರ ಬೇರೆಯಾಗಿದೆ.

"ಹೊರಟಿಲ್ವಾ ಇನ್ನೂ?" ಆಂಟಿ ಈ ಸಲ ಗೋಡೆಯವರೆಗೇ ಬಂದರು. ಕೈಯಲ್ಲಿ ಬಟ್ಟೆ ಚೀಲ, ಚೀಲದ ಜೊತೆ ಕ್ಯಾಲೆಂಡರಿನ ಹಾಳೆ ಹರಿದು ಹಿಂದೆ ಬರೆದ ಚೀಟಿ. ರಾಯರು ಕನ್ನಡಕ ಹುಡುಕುತ್ತಿದ್ದರು, ನಾನೇ ಓದಿದೆ.

'ಕೊತ್ತಂಬರಿ 1 ಕಟ್ಟು, ಬೇರು ಸಮೇತ. ಬಾಡಿದ್ದರೆ ಬೇಡ. ಬದಲಿಗೆ ಪುದೀನ ತರಬೇಡಿ. ಹೀರೇಕಾಯಿ ಅರ್ಧ ಕೆಜಿ, ಎಳೆಯದು. ಎಳೆಯದು ಇಲ್ಲದಿದ್ದರೆ ಅಲ್ಲಿಂದಲೇ ಫೋನ್ ಮಾಡಿ. ಫೋನ್ ಎತ್ತದಿದ್ದರೆ ಏನೂ ತರಬೇಡಿ. ಬಾಳೆಹಣ್ಣು ಮನೆಯಲ್ಲಿದೆ.'

ಎರಡು ಸಲ ಓದಿದೆ. ಮೂರು ವಾರದಿಂದ ನನಗೆ ಬರೆಯಲಾಗದೆ ಇದ್ದದ್ದು ಇದೇ. ಏನು ಬೇಕು, ಎಷ್ಟು ಬೇಕು, ಎಂಥದ್ದು ಬೇಕು. ಸಿಗದಿದ್ದರೆ ಏನು ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ಏನು ಮಾಡಬಾರದು. ಉತ್ತರ ಬಾರದಿದ್ದರೆ ಸುಮ್ಮನಿರಬೇಕು, ತಾನೇ ತೀರ್ಮಾನ ತೆಗೆದುಕೊಳ್ಳಬಾರದು. ಕೊನೆಯ ಸಾಲಂತೂ ಆಜ್ಞೆಯೇ ಅಲ್ಲ, ಸುಮ್ಮನೆ ಒಂದು ಸಂಗತಿ: ಬಾಳೆಹಣ್ಣು ಮನೆಯಲ್ಲಿದೆ. ಅದನ್ನು ಹೇಳದಿದ್ದರೆ ಈ ಏಜೆಂಟ್ ಖಂಡಿತ ಒಂದು ಚಿಪ್ಪು ತರುತ್ತಾರೆ.

"ಆಂಟಿ, ಇದನ್ನ ಬರೆಯೋದು ಎಲ್ಲಿ ಕಲಿತ್ರಿ?"

"ಕಲಿಯೋದೇನು ಬಂತು. ಒಂದೊಂದು ಸಾಲಿಗೂ ಒಂದೊಂದು ಕಥೆ ಇದೆ. ಪುದೀನ 1994. ನಮ್ಮ ನಾದಿನಿ ಮನೆಯವರೆಲ್ಲ ಊಟಕ್ಕೆ ಬಂದಿದ್ರು, ಸಾರಿಗೆ ಹಾಕೋಕೆ ಕೊತ್ತಂಬರಿ ತನ್ನಿ ಅಂದ್ರೆ, ಹಸಿರಾಗೇ ಇತ್ತಲ್ಲ ಅಂತ ಪುದೀನ ತಂದ್ರು. ಬೇರು ಯಾಕೆ ಅಂದ್ರೆ ಬೇರಿಲ್ದೆ ತಂದ್ರೆ ಮಾರನೇ ದಿನಕ್ಕೆ ಕೊಳೆಯುತ್ತೆ. ಬಾಳೆಹಣ್ಣಿನ ವಿಷಯ ಅವರನ್ನೇ ಕೇಳು."

ರಾಯರು ಕನ್ನಡಕ ಸಿಕ್ಕಿದರೂ ಹಾಕಿಕೊಳ್ಳದೆ ಚೀಲ ಮಡಿಸುತ್ತಿದ್ದರು. ನಾನು ಕೇಳಿದೆ. ಒಮ್ಮೆ ಆಂಟಿ ಬೆಳಿಗ್ಗೆ ಒಂದು ಸಲ, ಅವರು ಗೇಟು ದಾಟುವಾಗ ಒಂದು ಸಲ, ಫೋನಿನಲ್ಲಿ ಒಂದು ಸಲ ಬಾಳೆಹಣ್ಣು ತನ್ನಿ ಅಂದರಂತೆ. ಮೂರು ಚಿಪ್ಪು ಬಂತು.

ಇದನ್ನು ಸರಿಮಾಡಲು ನಮ್ಮ ಎಂಜಿನಿಯರ್ ಹುಡುಗ ಒಂದು ಉಪಾಯ ಮಾಡಿದ್ದಾನೆ. ಪ್ರತಿ ಕೋರಿಕೆಗೂ ಒಂದು ನಂಬರು. ಅದೇ ನಂಬರು ಇನ್ನೊಮ್ಮೆ ಬಂದರೆ ಹೊಸ ಫೈಲ್ ಮಾಡುವುದಿಲ್ಲ, ಮೊದಲು ಮಾಡಿದ್ದರ ಲಿಂಕನ್ನೇ ವಾಪಸ್ ಕೊಡುತ್ತದೆ. ರಾಯರು ಇದನ್ನು ಕೇಳಿ ದಸ್ತಾವೇಜು ನಂಬರಿನ ಹಾಗೆ ಅಂದರು. ಆಂಟಿ, ಗಂಡನಿಗೂ ಒಂದು ಹಾಕಿಸಬಹುದಾ ಎಂದು ವಿಚಾರಿಸಿದರು. ಕೆಲವು ಕೆಲಸ ಬರಹದಲ್ಲಿ ಆಗುವುದಿಲ್ಲ, ಕೋಡಿನಲ್ಲೇ ಬೀಗ ಹಾಕಬೇಕು. ಎಷ್ಟು ಚೆನ್ನಾಗಿ 'ನಾಯಿ ಇದೆ ಎಚ್ಚರಿಕೆ' ಎಂದು ಬೋರ್ಡು ಬರೆದರೂ ಗೇಟಿಗೆ ಚಿಲಕ ಬೇಕಲ್ಲ.

ರಾಯರು ಕೊನೆಗೂ ಹೊರಟರು. ನಾನು ಒಳಗೆ ಬಂದು, ಮೂರು ಪುಟವನ್ನು ಪಕ್ಕಕ್ಕಿಟ್ಟು, ಚೀಟಿಯ ಧಾಟಿಯಲ್ಲಿ ಬರೆದೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

'ಉಳಿಸಿಡು ಎಂದು ಬಳಕೆದಾರರು ಕೇಳಿದಾಗ ಮಾತ್ರ ಹೊಸ ಫೈಲ್ ತೆರೆಯುತ್ತದೆ. ಮಾತಿನಲ್ಲೇ ಮುಗಿಯುವ ಉತ್ತರಕ್ಕೆ ಇದನ್ನು ಕರೆಯಬೇಡ. ಫೋಲ್ಡರ್ ಹೇಳದಿದ್ದರೆ ಕರಡುಗಳ ಫೋಲ್ಡರಿನಲ್ಲಿ ಇಡುತ್ತದೆ. ಅದೇ ಹೆಸರಿನದು ಇದ್ದರೆ ಏನನ್ನೂ ಅಳಿಸದೆ, ಇದೆ ಎಂದು ತಿಳಿಸಿ ನಿಲ್ಲುತ್ತದೆ. ಆಗ ಹೊಸ ಹೆಸರನ್ನು ನೀನೇ ಕಟ್ಟಬೇಡ, ಬಳಕೆದಾರರನ್ನು ಕೇಳು. ಟೂಲಿನಿಂದ ಉತ್ತರ ಬಾರದಿದ್ದರೆ ಅದೇ ಕೋರಿಕೆ ನಂಬರಿನಿಂದ ಒಮ್ಮೆ ಮಾತ್ರ ಮತ್ತೆ ಕರೆ. ಫೈಲ್ ಮಾಲೀಕರಿಗೆ ಮಾತ್ರ ಕಾಣುತ್ತದೆ, ಹಂಚಲು ಈ ಟೂಲಿಗೆ ಬರುವುದಿಲ್ಲ.'

ಹಾಗೇ, ಏಳು ಫೈಲಿನ ಪ್ರಸಂಗದ ಮೇಲೆ ಸೇರಿಸಿದ್ದ ದೋಷದ ಸಂದೇಶವನ್ನೂ ತಿದ್ದಿದೆ. ಮೊದಲು ಅದು ಬರೀ '409' ಎಂದು ಹೇಳಿ ಸುಮ್ಮನಾಗುತ್ತಿತ್ತು. ವೆಬ್ಬಿನ ಭಾಷೆಯಲ್ಲಿ ಅದು ತಿಕ್ಕಾಟದ ನಂಬರು. ಈಗ 'ಈ ಹೆಸರಿನ ಫೈಲ್ ಈ ಫೋಲ್ಡರಿನಲ್ಲಿ ಇದೆ, ಅದರ ಲಿಂಕ್ ಇದು, ಬಳಕೆದಾರರನ್ನು ಕೇಳು' ಅನ್ನುತ್ತದೆ. ಕೈಪಿಡಿಯನ್ನು ಜನ ನಿಜವಾಗಿ ಓದುವುದು ಪೆಟ್ಟು ಬಿದ್ದಾಗ ತಾನೇ. ಪರೀಕ್ಷೆಗೆ ಹಾಕಿ, 1500ಕ್ಕೆ ಜಿಎಸ್‌ಟಿ ಎಷ್ಟು ಎಂದು ಕೇಳಿದೆ. 270 ಎಂದಿತು. ಅಷ್ಟೇ. ಫೋಲ್ಡರ್ ತೆರೆದು ನೋಡಿದೆ, ಖಾಲಿ. ಖುಷಿಗೆ ಇನ್ನೊಮ್ಮೆ ಕೇಳಿದೆ.

ಹನ್ನೊಂದೂವರೆಗೆ ಗೇಟಿನ ಸದ್ದಾಯಿತು. ಆಮೇಲೆ ಆಂಟಿಯ ದನಿ.

"ಏನ್ರೀ ಇದು?"

"ಕೊತ್ತಂಬರಿ, ಬೇರು ಸಮೇತ. ಹೀರೇಕಾಯಿ, ಎಳೇದು. ಬಾಳೆಹಣ್ಣು ತಂದಿಲ್ಲ, ನೋಡ್ಕೋ."

"ಅದು ಸರಿ. ಇದು?"

ಕಿಟಕಿಯಿಂದ ಇಣುಕಿದೆ. ಆಟೋದವನು ಇಡೀ ಹಲಸಿನಹಣ್ಣೊಂದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಎಲ್ಲಿಡಲಿ ಎಂದು ಕೇಳುತ್ತಾ ನಿಂತಿದ್ದ.

"ಬೇಡ ಅಂತ ಚೀಟಿಯಲ್ಲಿ ಎಲ್ಲೂ ಇರ್ಲಿಲ್ಲ" ಅಂದರು ರಾಯರು. "ಬೇಕಾದ್ರೆ ಅವಳನ್ನೇ ಕೇಳು, ಓದಿದ್ದು ಅವಳೇ."

ಆಂಟಿ ಮಾತಾಡಲಿಲ್ಲ. ರಾಯರ ಜೇಬಿನಿಂದ ಚೀಟಿಯನ್ನೂ ಪೆನ್ನನ್ನೂ ತೆಗೆದುಕೊಂಡು, ಚೀಟಿಯನ್ನು ಗೋಡೆಯ ಮೇಲಿಟ್ಟು, ಬಾಳೆಹಣ್ಣಿನ ಸಾಲಿನ ಕೆಳಗೆ ಬರೆಯತೊಡಗಿದರು.